ಕಿವಿಯೋಲೆ ಮತ್ತು ಮೈಗೊಗ್ಗದ ಲೋಹ

ನಮ್ಮಲ್ಲಿ ಕೂಸು ಹುಟ್ಟಿದ ಮನೆಯಲ್ಲಿ ತೊಟ್ಟಿಲಲ್ಲಿ ಹಾಕುವದು, ಹೆಸರಿಡುವದು, ಜಾವಳ ತೆಗೆಸುವದು ಇವುಗಳ ಸಾಲಿನಲ್ಲಿಯೇ ಕಿವಿ ಚುಚ್ಚಿಸುವದೂ ಒಂದು ಕಾರ್ಯ. ಗದಗ-ಬೆಟಗೇರಿಯ ಪೇಟೆಯ ಮನೆಯಿರಲಿ, ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಂಥ ಒಕ್ಕಲುತನದ ಹಳ್ಳಿಯ ಮನೆಯಿರಲಿ, ಈ ಕಾರ್ಯವನ್ನು ಬಿಟ್ಟವರು ಕಡಿಮೆ. ಅಜ್ಜಿಯ ತೊಡೆಯ ಮೇಲೆ ಕೂಸು, ಎದುರಿಗೆ ಪತ್ತಾರ, ತಟ್ಟೆಯಲ್ಲಿ ಎಲೆ ಅಡಿಕೆ ಬೆಲ್ಲ. ಚುಚ್ಚುವದು ಒಂದು ಕ್ಷಣದ ಕೆಲಸ. ಕೂಸು ಚೀರಿ ಅತ್ತು, ಬಾಯಿಗೆ ಬೆಲ್ಲ ಬಿದ್ದೊಡನೆ ಸುಮ್ಮನಾಗುತ್ತದೆ.

ಹೆಚ್ಚಿನ ಕೂಸುಗಳಿಗೆ ಅಲ್ಲಿಗೆ ಎಲ್ಲವೂ ಮುಗಿಯಿತು. ಆದರೆ ಕೆಲವರ ಕಿವಿ ಮಾತ್ರ ತಿಂಗಳು ಕಳೆದರೂ ಆರುವದಿಲ್ಲ. ಕೆಂಪಾಗುತ್ತದೆ, ತುರಿಸುತ್ತದೆ, ನೀರು ಒಸರುತ್ತದೆ. ಓಲೆ ತೆಗೆದರೆ ಕಡಿಮೆಯಾಗುತ್ತದೆ, ತಿರುಗಿ ಹಾಕಿದರೆ ತಿರುಗಿ ಬರುತ್ತದೆ. ಆಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ದೃಷ್ಟಿ ತಗಲಿತೆಂದು ಒಬ್ಬರು. ಚುಚ್ಚಿದವನ ಕೈಗುಣವೆಂದು ಒಬ್ಬರು. ಮೈಯ ಉಷ್ಣವೆಂದು ಮತ್ತೊಬ್ಬರು. ಕೊನೆಗೆ ಅಜ್ಜಿ, "ಈ ಕೂಸಿಗೆ ಬಂಗಾರ ಕೂಡಂಗಿಲ್ಲವಾ" ಎಂದು ತೀರ್ಪು ಕೊಟ್ಟುಬಿಡುತ್ತಾಳೆ.

ಈ ನಾಲ್ಕು ಮಾತುಗಳಲ್ಲಿ ಅಜ್ಜಿಯ ಮಾತೇ ನಿಜಕ್ಕೆ ಹೆಚ್ಚು ಹತ್ತಿರದ್ದು. ಲೋಹವೊಂದು ಮೈಗೆ ಕೂಡುವದಿಲ್ಲವೆಂಬುದು ಸತ್ಯ. ಆದರೆ ಆ ಲೋಹ ಬಹಳ ಮಾಡಿ ಬಂಗಾರವಲ್ಲ. ಬಂಗಾರದ ಹೆಸರಿನಲ್ಲಿ, ಬಂಗಾರದ ಬಣ್ಣದ ಕೆಳಗೆ ಅಡಗಿ ಬಂದ ಬೇರೊಂದು ಲೋಹ ಅದು. ಅದರ ಹೆಸರು ನಿಕ್ಕಲ್. ಈ ಹೊತ್ತಿನ ಭಾಷಣದಲ್ಲಿ ಆ ಲೋಹಕ್ಕೂ ಚುಚ್ಚಿದ ಕಿವಿ ಮೂಗುಗಳಿಗೂ ಇರುವ ಸಂಬಂಧವನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಹಳೆಯ ಕಾಲದ ಪದ್ಧತಿಯನ್ನು ನೋಡೋಣ. ಕಿವಿ ಚುಚ್ಚುವದಕ್ಕೆ ಕರ್ಣವೇಧವೆಂದು ಸಂಸ್ಕೃತದ ಹೆಸರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಹದಿನಾರನೆಯ ಅಧ್ಯಾಯ ಇದಕ್ಕೇ ಮೀಸಲಾಗಿದೆ. ಕೂಸಿಗೆ ಆರನೆಯ ಇಲ್ಲವೆ ಏಳನೆಯ ತಿಂಗಳಲ್ಲಿ ಚುಚ್ಚಬೇಕು. ಕಿವಿಯ ಹಾಲೆಯನ್ನು ಬೆಳಕಿಗೆ ಹಿಡಿದು, ಬಿಸಿಲು ತೂರಿ ಬರುವ ತೆಳುವಾದ ಸ್ಥಳದಲ್ಲಿ ನೇರವಾಗಿ ಚುಚ್ಚಬೇಕು ಎಂದು ಅಲ್ಲಿ ಹೇಳಿದೆ. ಇನ್ನು ಮುಂದಿನ ಮಾತನ್ನು ತಾವು ಲಕ್ಷ್ಯಕೊಟ್ಟು ಕೇಳಬೇಕು. ಚುಚ್ಚಿದ ಕೂಡಲೆ ಆ ರಂಧ್ರದಲ್ಲಿ ಇಡತಕ್ಕದ್ದು ಲೋಹವಲ್ಲ, ಅರಳೆಯ ಬತ್ತಿ. ಅದಕ್ಕೆ ಎಣ್ಣೆ ಬಿಡಬೇಕು. ಮೂರು ಮೂರು ದಿನಕ್ಕೊಮ್ಮೆ ಅದಕ್ಕಿಂತ ದಪ್ಪನಾದ ಬತ್ತಿ ಇಡುತ್ತ ಹೋಗಬೇಕು. ರಂಧ್ರವು ಚೆನ್ನಾಗಿ ಆರಿ, ಒಳಗೆಲ್ಲ ಹೊಸ ತೊಗಲು ಬೆಳೆದ ಮೇಲೆಯೇ ಒಡವೆಯ ಮಾತು.

ನಮ್ಮ ಹಳ್ಳಿಗಳ ರೂಢಿಯೂ ಇದಕ್ಕೆ ದೂರವಾಗಿರಲಿಲ್ಲ. ಬಂಗಾರದ ತಂತಿ ಇಲ್ಲದ ಮನೆಯಲ್ಲಿ ದಾರ ಪೋಣಿಸಿ ಎಣ್ಣೆ ಅರಿಷಿಣ ಹಚ್ಚುತ್ತಿದ್ದರು. ಬೇವಿನ ಕಡ್ಡಿ ಇಡುತ್ತಿದ್ದರು. ಬಡತನದ ಪದ್ಧತಿಯೆಂದು ನಾವು ಅದನ್ನು ಕೀಳಾಗಿ ಕಂಡೆವು. ಆದರೆ ಹಸಿಯ ಗಾಯಕ್ಕೆ ಕೀಳು ಲೋಹ ತಗಲದಂತೆ ಕಾಯ್ದ ಪದ್ಧತಿ ಅದೇ ಆಗಿತ್ತು.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ೧೦೦೭ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಹೋದರೆ, ಇಲ್ಲವೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋದರೆ, ಅಲ್ಲಿಯ ಶಿಲ್ಪಗಳ ಕಿವಿಗಳನ್ನು ನೋಡಿರಿ. ದೊಡ್ಡ ದೊಡ್ಡ ಕುಂಡಲಗಳು. ಸಾವಿರ ವರುಷಗಳಿಂದ ಈ ನಾಡಿನವರು ಕಿವಿಗೆ ಭಾರ ಹೊತ್ತಿದ್ದಾರೆ. ಆ ಒಡವೆಗಳನ್ನು ಬಂಗಾರ, ಬೆಳ್ಳಿ, ತಾಮ್ರ ಮುಂತಾದ ಹಳೆಯ ಲೋಹಗಳಿಂದ ಮಾಡುತ್ತಿದ್ದರು. ನಿಕ್ಕಲ್ಲೆಂಬ ಲೋಹವನ್ನು ಬೇರ್ಪಡಿಸಿ ತೆಗೆಯುವ ವಿದ್ಯೆ ಆಗ ಇನ್ನೂ ಹುಟ್ಟಿರಲಿಲ್ಲ.

ಬಂಗಾರವಂತೂ ನಮ್ಮ ಸೀಮೆಗೆ ಹೊರಗಿನದಲ್ಲ. ಕಪ್ಪತಗುಡ್ಡದ ಸೆರಗಿನ ಡೋಣಿ ಹಳ್ಳದ ಮರಳನ್ನು ತೊಳೆದು ಬಂಗಾರದ ಕಣ ಆರಿಸುವ ಜಾಲಗಾರರು ಹಿಂದೆ ಇಲ್ಲಿ ಇದ್ದರು. ಭೂಗರ್ಭ ಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ೧೮೭೪ರಲ್ಲಿ ಈ ಗುಡ್ಡಗಳ ಬಂಗಾರದ ಬಗ್ಗೆ ಬರೆದರು. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿ ಗದಗದ ಸುತ್ತ ಗಣಿಗಳನ್ನೂ ತೋಡಿದರು. ಗುಡ್ಡದಲ್ಲಿ ಬಂಗಾರವಿದ್ದರೇನು, ಒಕ್ಕಲಿಗನ ಮನೆಯಲ್ಲಿ ಅದು ನಿಲ್ಲುವದು ಮಳೆಯ ಕೈಯಲ್ಲಿದೆ. ಮಳೆ ಕೈಕೊಟ್ಟ ವರುಷ ಮೊದಲು ಒತ್ತೆ ಬೀಳುವದು ಹೆಂಗಸರ ಮೈಮೇಲಿನ ಬಂಗಾರ. ಕೊರಳಿನದು ಹೋಯಿತು, ಕೈಯದು ಹೋಯಿತು, ಕೊನೆಗೆ ಬೆಂಡವಾಲಿ ಝುಮಕಿಗಳೂ ಹೋದವು. ಬರಿಯ ಕಿವಿಯಿಂದ ಮಗಳನ್ನು ಜಾತ್ರೆಗೆ ಕಳಿಸಲು ತಾಯಿಗೆ ಮನಸ್ಸು ಬಾರದು. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಲ್ಲಿಯೋ ಗದಗದ ತೋಂಟದಾರ್ಯ ಜಾತ್ರೆಯಲ್ಲಿಯೋ ಸಾಲು ಹಿಡಿದ ಅಂಗಡಿಗಳಿಂದ ಒಂದು ಜೊತೆ ಗಿಲೀಟಿನ ಓಲೆ ತಂದು ಹಾಕುತ್ತಾಳೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಆದರೆ ನಮ್ಮ ಕಥೆ ಶುರುವಾಗುವದು ಇಲ್ಲಿಂದಲೇ.

ಗಿಲೀಟಿನ ಓಲೆಯೆಂದರೆ ಏನು? ಒಳಗೆ ತಾಮ್ರ, ಹಿತ್ತಾಳೆ ಇಲ್ಲವೆ ಬೇರೆ ಅಗ್ಗದ ಮಿಶ್ರಲೋಹ. ಮೇಲೆ ಕಣ್ಣಿಗೆ ಕಾಣುವ ಬಂಗಾರದ ಬಣ್ಣದ ಅತಿ ತೆಳುವಾದ ಲೇಪ. ಇವೆರಡರ ನಡುವೆ ಬಹಳ ಸಲ ಇನ್ನೊಂದು ಪದರು ಇರುತ್ತದೆ, ಅದು ನಿಕ್ಕಲ್. ಒಳಗಿನ ತಾಮ್ರವು ಮೇಲಿನ ಬಂಗಾರದೊಳಗೆ ಸೇರಿ ಬಣ್ಣ ಕೆಡಿಸಬಾರದು, ಹೊಳಪು ಬರಬೇಕು, ಲೇಪ ಗಟ್ಟಿಯಾಗಿ ಕೂಡ್ರಬೇಕು ಎಂದು ಕಾರಖಾನೆಯವರು ಈ ಪದರನ್ನು ಕೊಡುತ್ತಾರೆ. ಕಿವಿಯ ರಂಧ್ರದಲ್ಲಿ ತಿರುಗಿ ತಿಕ್ಕಿ ಮೇಲಿನ ಲೇಪ ಕೆಲವು ವಾರಗಳಲ್ಲಿ ಸವೆಯಿತೆಂದರೆ, ಮೈಗೆ ಮುಟ್ಟುವದು ನಿಕ್ಕಲ್ಲೇ.

ಇನ್ನು ಬೆಳ್ಳಿಯ ಹೆಸರಿನಲ್ಲಿಯೂ ಇದೇ ಮೋಸ ಉಂಟು. ಜರ್ಮನ್ ಸಿಲ್ವರೆಂಬ ಲೋಹದಲ್ಲಿ ಬೆಳ್ಳಿಯ ಅಂಶವೇ ಇಲ್ಲ. ತಾಮ್ರ, ಸತುವು, ನಿಕ್ಕಲ್ ಮೂರು ಕೂಡಿದರೆ ಜರ್ಮನ್ ಸಿಲ್ವರ್. ಅದರ ಬೆಳ್ಳಗಿನ ಬಣ್ಣ ಬಂದದ್ದೇ ನಿಕ್ಕಲ್ಲಿನಿಂದ. ಬಿಳಿಯ ಬಂಗಾರವೆಂದು ಮಾರುವ ಕೆಲವು ಒಡವೆಗಳಲ್ಲಿಯೂ ಬಂಗಾರದ ಹಳದಿಯನ್ನು ಅಳಿಸಲು ನಿಕ್ಕಲ್ ಬೆರೆಸಿರುತ್ತಾರೆ.

ಈ ಲೋಹದ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಜರ್ಮನಿಯ ಗಣಿಯವರಿಗೆ ಕೆಂಪು ಬಣ್ಣದ ಒಂದು ಅದಿರು ಸಿಗುತ್ತಿತ್ತು. ತಾಮ್ರವೆಂದು ಎಷ್ಟು ಕಾಸಿದರೂ ಅದರಿಂದ ತಾಮ್ರ ಬರುತ್ತಿರಲಿಲ್ಲ. ಯಾವುದೋ ತುಂಟ ಪಿಶಾಚಿ ತಾಮ್ರವನ್ನು ಕದ್ದಿದೆಯೆಂದು ಬಗೆದು, ಅವರು ಆ ಅದಿರನ್ನು ಪಿಶಾಚಿಯ ತಾಮ್ರವೆಂದು ಕರೆದರು. ೧೭೫೧ರಲ್ಲಿ ಸ್ವೀಡನ್ ದೇಶದ ಕ್ರಾನ್‌ಸ್ಟೆಟ್ ಎಂಬ ವಿಜ್ಞಾನಿ ಅಂಥ ಅದಿರಿನಿಂದಲೇ ಹೊಸ ಲೋಹವನ್ನು ಬೇರ್ಪಡಿಸಿ, ಆ ಪಿಶಾಚಿಯ ಹೆಸರನ್ನೇ ಅದಕ್ಕೆ ಉಳಿಸಿದನು. ತುಕ್ಕು ಹಿಡಿಯದ, ಹೊಳೆಯುವ, ಅಗ್ಗದ ಲೋಹ. ಜಗತ್ತು ಅದನ್ನು ಬಲು ಬೇಗ ಮೆಚ್ಚಿತು. ನಮ್ಮ ದೇಶ ಗಣರಾಜ್ಯವಾದ ೧೯೫೦ರಲ್ಲಿ ಹೊರಟ ಹೊಸ ರೂಪಾಯಿಯ ನಾಣ್ಯವೂ ನಿಕ್ಕಲ್ಲಿನದೇ ಆಗಿತ್ತು. ಕೈಯಲ್ಲಿ ಹಿಡಿದು ಕೊಟ್ಟುಬಿಡುವ ನಾಣ್ಯದಿಂದ ಹೆಚ್ಚಿನವರಿಗೆ ಏನೂ ಆಗುವದಿಲ್ಲ. ಹಗಲೂ ರಾತ್ರಿ ಹಸಿಯ ಗಾಯದೊಳಗೆ ಕುಳಿತ ತಂತಿಯ ಮಾತು ಬೇರೆ.

ಹೇಗೆ ಬೇರೆಯೆಂಬುದನ್ನು ತಿಳಿಯಬೇಕಾದರೆ ಮೈಯ ಕಾವಲಿನ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು. ನಮ್ಮ ಬೆವರಿನಲ್ಲಿ ಉಪ್ಪು ಇದೆ. ಆ ಉಪ್ಪುನೀರು ನಿಕ್ಕಲ್ಲನ್ನು ತುಸು ತುಸುವಾಗಿ ಕರಗಿಸುತ್ತದೆ. ಚೈತ್ರ ವೈಶಾಖಗಳಲ್ಲಿ ನಮ್ಮ ಬಯಲುಸೀಮೆಯ ಬಿಸಿಲಿಗೆ ಬೆವರು ಕಡಿಮೆಯೇ? ಕರಗಿದ ಕಣಗಳು ತೊಗಲಿನೊಳಗೆ ಇಳಿದು ಮೈಯ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ತೊಗಲಿನಲ್ಲಿ ಕಾವಲು ಕಾಯುವ ಜೀವಕಣಗಳಿವೆ. ಹಳ್ಳಿಯಲ್ಲಿ ಹೊಸಬನೊಬ್ಬನು ಬಂದರೆ ವಾಲೀಕಾರನು ಚಾವಡಿಗೆ ಸುದ್ದಿ ಒಯ್ಯುವಂತೆ, ಈ ಕಾವಲು ಕಣಗಳು ಹೊಸ ಪದಾರ್ಥದ ಗುರುತನ್ನು ಹತ್ತಿರದ ಹಾಲುರಸದ ಗಡ್ಡೆಗೆ ಒಯ್ಯುತ್ತವೆ. ಅಲ್ಲಿ ಬಿಳಿಯ ರಕ್ತಕಣಗಳ ಒಂದು ಪಡೆ ಆ ಗುರುತನ್ನು ಕಲಿತುಕೊಳ್ಳುತ್ತದೆ. ಈ ಕಲಿಕೆಗೆ ಸಾಧಾರಣವಾಗಿ ಹತ್ತು ಹದಿನೈದು ದಿನ ಬೇಕು. ಕೆಲವರಿಗೆ ತಿಂಗಳುಗಳೂ ವರುಷಗಳೂ ಹಿಡಿಯಬಹುದು. ಆ ಅವಧಿಯಲ್ಲಿ ಹೊರಗೆ ಏನೂ ಕಾಣುವದಿಲ್ಲ. ಒಮ್ಮೆ ಕಲಿತು ಮುಗಿಯಿತೆಂದರೆ, ಮುಂದೆ ನಿಕ್ಕಲ್ ತಗಲಿದ ಒಂದು ಎರಡು ದಿನಗಳಲ್ಲಿ ಆ ಪಡೆ ಅಲ್ಲಿಗೆ ಧಾವಿಸಿ ಬಂದು, ನಿಜವಾದ ವೈರಿಯೇ ಬಂದಂತೆ ಕಾದಾಡುತ್ತದೆ. ಕೆಂಪು, ತುರಿಕೆ, ಗುಳ್ಳೆ, ಒಸರು ಇವೆಲ್ಲ ಆ ಕಾದಾಟದ ಗುರುತುಗಳು.

ಇದನ್ನೇ ವೈದ್ಯರು ಅಲರ್ಜಿ ಎನ್ನುತ್ತಾರೆ. ಈ ಹೆಸರನ್ನು ೧೯೦೬ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ಕೊಟ್ಟನು. ನಮ್ಮ ರೈತರಿಗೆ ಇದರ ಇನ್ನೊಂದು ರೂಪ ಚೆನ್ನಾಗಿ ಗೊತ್ತು. ಕಾಂಗ್ರೆಸ್ ಕಸವೆಂದು ನಾವು ಕರೆಯುವ ಪಾರ್ಥೇನಿಯಂ ಕಳೆ ೧೯೫೦ರ ದಶಕದ ನಡುವೆ ಪುಣೆಯಲ್ಲಿ ಗುರುತಿಗೆ ಬಂದು, ಮುಂದೆ ನಮ್ಮ ಹೊಲ ಬದುವುಗಳನ್ನೆಲ್ಲ ಹಬ್ಬಿತು. ಅದನ್ನು ಕಿತ್ತು ಕಿತ್ತು ಕೆಲವು ವರುಷಗಳ ತರುವಾಯ ಮುಖ, ಕುತ್ತಿಗೆ, ಕೈಗಳಿಗೆ ಇಸಬು ಹತ್ತಿದ ರೈತರನ್ನು ತಾವು ನೋಡಿರಬಹುದು. ಅಲ್ಲಿ ಗಿಡದ ರಸ, ಇಲ್ಲಿ ಲೋಹ. ಒಳಗೆ ನಡೆಯುವ ಕೆಲಸ ಒಂದೇ ಬಗೆಯದು. ಮನೆ ಕಟ್ಟುವ ಗೌಂಡಿಗಳ ಕೈಗೆ ಸಿಮೆಂಟಿನಿಂದ ಬರುವ ಇಸಬೂ ಬಹಳ ಸಲ ಇದೇ ಜಾತಿಯದು; ಅಲ್ಲಿ ಸಿಮೆಂಟಿನೊಳಗಿನ ಕ್ರೋಮಿಯಂ ಕಾರಣ.

ಇಲ್ಲಿ ಎರಡು ಮಾತುಗಳನ್ನು ನೆನಪಿನಲ್ಲಿ ಇಡಬೇಕು. ಮೊದಲನೆಯದು, ಇದು ಅಂಟುರೋಗವಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತುವದಿಲ್ಲ. ಎರಡನೆಯದು, ಮೈ ಒಮ್ಮೆ ಕಲಿತದ್ದನ್ನು ಬಹುಮಟ್ಟಿಗೆ ಜೀವಮಾನವಿಡೀ ಮರೆಯುವದಿಲ್ಲ. ಇಸಬನ್ನು ಔಷಧದಿಂದ ಆರಿಸಬಹುದು, ಕಲಿಕೆಯನ್ನು ಅಳಿಸುವ ಔಷಧ ಇಲ್ಲ. ಆದುದರಿಂದಲೇ ಮೊದಲು ಕಲಿಯದಂತೆ ನೋಡಿಕೊಳ್ಳುವದು ಅಷ್ಟು ಮಹತ್ವದ್ದು.

ಕಲಿಕೆ ಎಲ್ಲಿ ಆಗುತ್ತದೆ? ಗಟ್ಟಿಯಾದ ತೊಗಲು ಒಂದು ಗೋಡೆ. ಕೈಗಡಿಯಾರವೋ ಗುಂಡಿಯೋ ಹೊರಗಿನಿಂದ ತಗಲಿದರೆ ಆ ಗೋಡೆಯನ್ನು ದಾಟುವ ನಿಕ್ಕಲ್ ಸ್ವಲ್ಪವೇ. ಚುಚ್ಚಿದ ಕಿವಿಯಲ್ಲಿ ಆ ಗೋಡೆಯೇ ಇಲ್ಲ. ಲೋಹದ ತಂತಿ ನೇರವಾಗಿ ರಕ್ತ ಕೀವುಗಳಲ್ಲಿ ನೆನೆಯುತ್ತ ವಾರಗಟ್ಟಲೆ ಇರುತ್ತದೆ. ನಿಕ್ಕಲ್ಲಿನ ಅಲರ್ಜಿ ಗಂಡಸರಿಗಿಂತ ಹೆಂಗಸರಲ್ಲಿ ಬಹುಪಾಲು ಹೆಚ್ಚೆಂದು ಎಲ್ಲ ದೇಶಗಳ ವೈದ್ಯರೂ ಕಂಡಿದ್ದಾರೆ. ಹೆಂಗಸರ ತೊಗಲು ಬೇರೆ ಬಗೆಯದೆಂದಲ್ಲ. ಅವರ ಕಿವಿ ಮೂಗುಗಳನ್ನು ಚುಚ್ಚಿರುತ್ತಾರೆಂಬುದೇ ಇದರ ಮುಖ್ಯ ಕಾರಣ.

ಇದಕ್ಕೆ ಡೆನ್ಮಾರ್ಕ್ ದೇಶ ಒಳ್ಳೆಯ ನಿದರ್ಶನ ಒದಗಿಸಿದೆ. ಮೈಗೆ ತಗಲುವ ವಸ್ತುಗಳಿಂದ ನಿಕ್ಕಲ್ ಇಂತಿಷ್ಟಕ್ಕಿಂತ ಹೆಚ್ಚು ಹೊರಬರಬಾರದೆಂದು ಅಲ್ಲಿಯ ಸರಕಾರ ೧೯೯೦ರಲ್ಲಿ ಕಟ್ಟುಪಾಡು ಮಾಡಿತು. ಮುಂದೆ ಅಲ್ಲಿಯ ವೈದ್ಯರು ಶಾಲೆಯ ಹುಡುಗಿಯರನ್ನು ಪರೀಕ್ಷಿಸಿ, ೨೦೦೨ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಕಟ್ಟುಪಾಡಿಗೆ ಮೊದಲು ಕಿವಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ೧೭ ಜನರಿಗೆ ನಿಕ್ಕಲ್ ಒಗ್ಗುತ್ತಿರಲಿಲ್ಲ. ಕಟ್ಟುಪಾಡು ಬಂದ ಮೇಲೆ ಚುಚ್ಚಿಸಿಕೊಂಡವರಲ್ಲಿ ಅಂಥವರು ನೂರಕ್ಕೆ ಸುಮಾರು ೪ ಜನ ಮಾತ್ರ. ಅದೇ ದೇಶ, ಅದೇ ಹುಡುಗಿಯರು, ಅದೇ ಚುಚ್ಚುವ ಕೆಲಸ. ಬದಲಾದದ್ದು ಲೋಹವೊಂದೇ. ಯುರೋಪಿನ ದೇಶಗಳ ಒಕ್ಕೂಟವೂ ೧೯೯೪ರಲ್ಲಿ ಇಂಥ ನಿಯಮ ಹೊರಡಿಸಿತು. ಚುಚ್ಚಿದ ರಂಧ್ರದಲ್ಲಿ ಇಡುವ ತಂತಿಯಿಂದ ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ ೦.೨ ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದೆಂಬುದು ಅಲ್ಲಿ ಈಗಿರುವ ಮಿತಿ.

ಕೂಸಿನ ಕಿವಿ ಕೆಂಪಾದರೆ ಅದೆಲ್ಲವೂ ಅಲರ್ಜಿಯೇ ಎಂದು ತಿಳಿಯಬಾರದು. ಗಾಯಕ್ಕೆ ನಂಜಾಗುವದು ಬೇರೆ, ಲೋಹ ಒಗ್ಗದಿರುವದು ಬೇರೆ. ನಂಜಾದರೆ ಮುಖ್ಯವಾಗಿ ನೋವು, ಮುಟ್ಟಿದರೆ ಬಿಸಿ, ದಪ್ಪನಾದ ಹಳದಿ ಕೀವು, ಕೆಲವೊಮ್ಮೆ ಜ್ವರ. ಬಹಳ ಸಲ ಒಂದೇ ಕಿವಿಗೆ, ಚುಚ್ಚಿದ ಕೆಲವೇ ದಿನಗಳಲ್ಲಿ ಬರುತ್ತದೆ. ಅಲರ್ಜಿಯಲ್ಲಿ ಮುಖ್ಯವಾಗಿ ತುರಿಕೆ. ಸಣ್ಣ ನೀರುಗುಳ್ಳೆ, ತಿಳಿಯಾದ ಒಸರು, ಆಮೇಲೆ ಹಕ್ಕಳೆ. ಎರಡೂ ಕಿವಿಗಳಿಗೆ ಸಾಮಾನ್ಯ. ಓಲೆ ಮುಟ್ಟುವಷ್ಟು ಜಾಗದಲ್ಲಿ ಶುರುವಾಗಿ ಕುತ್ತಿಗೆಯ ಕಡೆಗೆ ಹಬ್ಬಬಹುದು. ಒಂದು ಓಲೆಗೆ ಬಂದು ಇನ್ನೊಂದಕ್ಕೆ ಬಾರದಿದ್ದರೆ ಲೋಹದ ಮೇಲೆಯೇ ಸಂಶಯ ಪಡಬೇಕು. ಎರಡೂ ಒಮ್ಮೆಲೇ ಕೂಡಿ ಬರುವದೂ ಉಂಟು. ತುರಿಸಿ ತುರಿಸಿ ಉಗುರಿನ ನಂಜು ಒಳಹೊಕ್ಕಿರುತ್ತದೆ. ನೋವು, ಬಾವು, ಜ್ವರ ಇದ್ದಲ್ಲಿ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಕಿವಿಯ ಮೇಲ್ಭಾಗದಲ್ಲಿ, ಅಂದರೆ ಬುಗುಡಿ ಹಾಕುವ ಸ್ಥಳದಲ್ಲಿ, ಒಳಗೆ ಮೆಲ್ಲೆಲುಬು ಇದೆ. ಅಲ್ಲಿ ನಂಜಾದರೆ ಕಿವಿಯ ಆಕಾರವೇ ಕೆಟ್ಟೀತು. ಆದುದರಿಂದ ಆ ಜಾಗಕ್ಕೆ ಎರಡುಪಟ್ಟು ಎಚ್ಚರಿಕೆ ಬೇಕು.

ಒಂದು ಜೊತೆ ಓಲೆಯಿಂದ ಇಷ್ಟೇ ಆದರೆ, ಓಲೆ ತೆಗೆದಿಟ್ಟರೆ ತೀರಿತಲ್ಲ ಎಂದು ಯಾರಾದರೂ ಕೇಳಬಹುದು. ತೀರುವದಿಲ್ಲ. ಕಿವಿಯಲ್ಲಿ ಕಲಿತ ಪಾಠವನ್ನು ಮೈಯೆಲ್ಲ ಬಲ್ಲದು. ಮುಂದೆ ಆ ಹುಡುಗಿ ಗಡಿಯಾರ ಕಟ್ಟಿದರೆ ಮಣಿಕಟ್ಟಿಗೆ, ಲೋಹದ ಗುಂಡಿ ತಗಲಿದರೆ ಹೊಟ್ಟೆಗೆ, ಪಿನ್ನು ಚುಚ್ಚಿದರೆ ಹೆಗಲಿಗೆ ಇಸಬು ಬರುತ್ತದೆ. ಕೆಲವರ ಅಂಗೈಯಲ್ಲಿ ಇಸಬು ಎದ್ದು, ಪಾತ್ರೆ ತಿಕ್ಕುವದಕ್ಕೆ, ರೊಟ್ಟಿ ಬಡಿಯುವದಕ್ಕೆ, ಬಟ್ಟೆ ಒಗೆಯುವದಕ್ಕೆ ಆಗದಂತಾಗುತ್ತದೆ. ದುಡಿದು ತಿನ್ನುವ ಮನೆಯಲ್ಲಿ ಹೆಂಗಸಿನ ಕೈ ನಿಂತರೆ ಏನಾಗುವದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇದಕ್ಕಿಂತ ನೋವಿನ ಸಂಗತಿ ತಾಳಿಯದು. ಮದುವೆಯಲ್ಲಿ ತಾಳಿ ಬಂಗಾರದ್ದಿದ್ದರೂ ದಿನಬಳಕೆಯ ಸರ ಗಿಲೀಟಿನದಿರುತ್ತದೆ. ಕೊರಳ ಸುತ್ತ ತುರಿಸಿ ಕಪ್ಪು ಕಲೆ ಕಟ್ಟುತ್ತದೆ. ಹೊಸದಾಗಿ ಬಂದ ಸೊಸೆ ತಾಳಿಯ ಸರ ಬಿಚ್ಚಿಟ್ಟಳೆಂದರೆ ಮನೆಯಲ್ಲಿ ಏನೇನು ಮಾತು ಬಂದಾವು! ತಾಳಿ ಕೂಡಿ ಬರಲಿಲ್ಲ, ಇವಳ ಕಾಲಗುಣ ಸರಿಯಿಲ್ಲ ಎಂಬವರೂ ಉಂಟು. ಅತ್ತೆಯಂದಿರಿಗೆ ನನ್ನ ವಿನಂತಿ ಇಷ್ಟೆ: ದೋಷ ಸೊಸೆಯದಲ್ಲ, ತಾಳಿಯದೂ ಅಲ್ಲ, ಸರದ ಲೋಹದ್ದು. ನಮ್ಮ ಹಿರಿಯರು ತಾಳಿಯನ್ನು ಅರಿಷಿಣದ ದಾರದಲ್ಲಿ ಪೋಣಿಸುತ್ತಿದ್ದರು. ಬಂಗಾರದ ತಾಳಿ, ಕರಿಮಣಿ, ಹತ್ತಿಯ ದಾರ ಇಷ್ಟಿದ್ದರೆ ಸಂಪ್ರದಾಯವೂ ಉಳಿಯಿತು, ಕೊರಳೂ ಉಳಿಯಿತು.

ಈಗ ಮಾಡತಕ್ಕದ್ದೇನೆಂಬುದನ್ನು ಹೇಳುತ್ತೇನೆ.

ಕೂಸಿನ ಕಿವಿ ಚುಚ್ಚಿಸಲು ಅವಸರ ಬೇಡ. ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆಯಾಗಿ ಹಾಕುವ ಲಸಿಕೆಗಳಲ್ಲಿ ಧನುರ್ವಾಯುವಿನ ರಕ್ಷಣೆಯೂ ಸೇರಿದೆ. ಅವು ಮೂರೂ ಮುಗಿದ ಮೇಲೆ ಚುಚ್ಚಿಸಿದರೆ ಒಳಿತು. ಸುಶ್ರುತನು ಹೇಳಿದ ಆರು ಏಳು ತಿಂಗಳ ಕಾಲ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಚುಚ್ಚುವ ಸೂಜಿ ಹೊಸದಾಗಿರಬೇಕು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಲೇಬಾರದು. ರಕ್ತದಿಂದ ಹರಡುವ ಕಾಮಾಲೆ ಮುಂತಾದ ರೋಗಗಳಿಗೆ ಇದೇ ಬಾಗಿಲು. ಚುಚ್ಚುವವರ ಕೈ, ಕೂಸಿನ ಕಿವಿ ಎರಡನ್ನೂ ಸಾಬೂನಿನಿಂದ ತೊಳೆದಿರಬೇಕು.

ಗಾಯ ಆರುವವರೆಗೆ, ಅಂದರೆ ಕಿವಿಯ ಹಾಲೆಗೆ ಕಡಿಮೆಯೆಂದರೆ ಆರು ವಾರ, ಗಿಲೀಟಿನ ಒಡವೆಯನ್ನು ಹತ್ತಿರ ತರಬಾರದು. ಮೂಗಿಗೂ ಕಿವಿಯ ಮೇಲ್ಭಾಗಕ್ಕೂ ಇದಕ್ಕಿಂತ ಹೆಚ್ಚು ಕಾಲ, ಕೆಲವು ತಿಂಗಳುಗಳೇ ಬೇಕು. ೨೨ ಕ್ಯಾರೆಟ್ಟಿನ ಬಂಗಾರದ ಸಣ್ಣ ತಂತಿ ಎಲ್ಲಕ್ಕಿಂತ ಉತ್ತಮ. ಅದರಲ್ಲಿ ಬಂಗಾರ ನೂರಕ್ಕೆ ೯೧.೬ ಪಾಲು; ಉಳಿದದ್ದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ದೊಡ್ಡ ಒಡವೆ ಬೇಕಾಗಿಲ್ಲ. ಕೂಸಿನ ಕಿವಿಗೆ ಕೂದಲೆಳೆಗಿಂತ ತುಸು ದಪ್ಪನಾದ ಒಂದು ಬಾಳಿ ಸಾಕು. ಅಷ್ಟೂ ಅನುಕೂಲವಿಲ್ಲದಿದ್ದರೆ ಶುಚಿಯಾದ ಹತ್ತಿಯ ದಾರವನ್ನು ಪೋಣಿಸಿ, ದಿನವೂ ಸ್ವಚ್ಛವಾಗಿಟ್ಟು, ಆಗಾಗ ಬದಲಿಸುತ್ತ ಹೋಗಬಹುದು. ಟೈಟೇನಿಯಮ್ಮಿನ ಓಲೆಯೂ ಈಗ ಸಿಗುತ್ತದೆ; ಅದು ನಿಕ್ಕಲ್ ಒಗ್ಗದವರಿಗೂ ಒಗ್ಗುತ್ತದೆ. ಶಸ್ತ್ರಕ್ರಿಯೆಯ ಸ್ಟೀಲೆಂದು ಹೇಳಿ ಮಾರುವದರಲ್ಲಿ ನಿಕ್ಕಲ್ ಇದ್ದೇ ಇರುತ್ತದೆ. ಅದು ಗಟ್ಟಿಯಾಗಿ ಬೆಸೆದುಕೊಂಡಿರುವದರಿಂದ ಹೊರಬರುವದು ಕಡಿಮೆ. ಆದರೂ ಆಗಲೇ ಅಲರ್ಜಿ ಇದ್ದವರು ಅದನ್ನು ಹಸಿಯ ಗಾಯಕ್ಕೆ ಹಾಕದಿರುವದು ಲೇಸು.

ಆಗಲೇ ತೊಂದರೆ ಶುರುವಾಗಿದ್ದರೆ ಮೊದಲ ಔಷಧವೆಂದರೆ ಆ ಒಡವೆಯನ್ನು ತೆಗೆಯುವದು. ಅಂಗಡಿಯಲ್ಲಿ ಸಿಕ್ಕ ಮುಲಾಮನ್ನು ಕೇಳಿ ತಂದು ಹಚ್ಚಬೇಡಿರಿ. ಗಾಯದ ಮುಲಾಮುಗಳಲ್ಲಿ ಇರುವ ನಿಯೋಮೈಸಿನ್ ಎಂಬ ಔಷಧವೇ ಕೆಲವರಿಗೆ ಅಲರ್ಜಿ ತರುತ್ತದೆ. ಮೂರು ನಾಲ್ಕು ಔಷಧ ಬೆರೆಸಿದ ಸ್ಟಿರಾಯ್ಡ್ ಮುಲಾಮುಗಳು ಎರಡು ದಿನ ಆರಿಸಿದಂತೆ ಮಾಡಿ, ತಿಂಗಳುಗಟ್ಟಲೆ ಹಚ್ಚಿದರೆ ತೊಗಲನ್ನೇ ತೆಳುಮಾಡಿ ಕೆಡಿಸುತ್ತವೆ. ಸ್ಟಿರಾಯ್ಡ್ ಬೇಕಾದೀತು, ಆದರೆ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು.

ನಿಕ್ಕಲ್ಲೇ ಕಾರಣವೆಂದು ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆಯಿದೆ. ಯಾದಸೋನ್ ಎಂಬ ಜರ್ಮನ್ ಚರ್ಮವೈದ್ಯನು ೧೮೯೫ರಲ್ಲಿ ಇದನ್ನು ಲೋಕದ ಮುಂದಿಟ್ಟನು. ಇಂದಿಗೂ ಅದೇ ತತ್ವ ನಡೆದಿದೆ. ಸಂಶಯದ ಪದಾರ್ಥಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆನ್ನಿಗೆ ಪಟ್ಟಿ ಕಟ್ಟಿ ಅಂಟಿಸುತ್ತಾರೆ. ಸೂಜಿಯ ಕೆಲಸವಿಲ್ಲ. ಎರಡು ದಿನಗಳ ಮೇಲೆ ಪಟ್ಟಿ ತೆಗೆದು ನೋಡುತ್ತಾರೆ, ಮತ್ತೆ ಒಂದು ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಒಗ್ಗದ ಪದಾರ್ಥವಿದ್ದಲ್ಲಿ ಕೆಂಪು ಗುಳ್ಳೆ ಏಳುತ್ತದೆ. ಆ ಅವಧಿಯಲ್ಲಿ ಬೆನ್ನಿಗೆ ನೀರು ಸೋಕಬಾರದು. ೧೯೫೭ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು, ೨೦೧೫ರಲ್ಲಿ ಶುರುವಾದ ಗದಗದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇವು ನಮ್ಮ ಜಿಲ್ಲೆಯವರಿಗೆ ಹತ್ತಿರದವು. ಅಲ್ಲಿಯ ಚರ್ಮರೋಗ ವೈದ್ಯರನ್ನು ಕಂಡು ಈ ಪರೀಕ್ಷೆಯ ವಿಷಯ ವಿಚಾರಿಸಬಹುದು. ಅಲರ್ಜಿ ಇದೆಯೆಂದು ತಿಳಿದುಬಂದರೆ ಅದನ್ನು ಒಂದು ಚೀಟಿಯಲ್ಲಿ ಬರೆಯಿಸಿ ಇಟ್ಟುಕೊಳ್ಳಿರಿ. ಮುಂದೆ ಹಲ್ಲಿಗೆ ತಂತಿ ಕಟ್ಟಿಸುವಾಗ, ಎಲುಬು ಮುರಿದು ಲೋಹದ ಪಟ್ಟಿ ಹಾಕುವಾಗ ಅದನ್ನು ವೈದ್ಯರಿಗೆ ಮೊದಲೇ ತೋರಿಸಬೇಕು.

ಶೇಂಗಾ, ಬೇಳೆಕಾಳುಗಳಲ್ಲಿಯೂ ನಿಕ್ಕಲ್ ಇದೆಯೆಂದು ಕೇಳಿ ಕೆಲವರು ಊಟವನ್ನೇ ಬಿಡಲು ಹೊರಡುತ್ತಾರೆ. ಹೆಚ್ಚಿನವರಿಗೆ ಇದು ಬೇಕಾಗಿಲ್ಲ. ಇಸಬು ಅತಿಯಾಗಿದ್ದು, ವೈದ್ಯರೇ ಹೇಳಿದರೆ ಮಾತ್ರ ಪಥ್ಯದ ವಿಚಾರ. ಬೆಳೆಯುವ ಮಕ್ಕಳಿಂದ ಬೇಳೆ ಶೇಂಗಾ ಕಸಿದುಕೊಳ್ಳುವದು ರೋಗಕ್ಕಿಂತ ಕೆಟ್ಟ ಮದ್ದಾದೀತು.

ಕೊನೆಯಲ್ಲಿ ಪತ್ತಾರ ಬಂಧುಗಳಿಗೆ ಎರಡು ಮಾತು. ತಮ್ಮ ಕಸಬು ಬಹಳ ಪೆಟ್ಟು ತಿಂದ ಕಸಬು. ೧೯೬೩ರ ಜನವರಿಯಲ್ಲಿ ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡಬಾರದೆಂಬ ನಿಯಮ ಬಂದಾಗ ಎಷ್ಟೋ ಮನೆಗಳ ಒಲೆ ಆರಿತು. ಆ ಮಿತಿ ೧೯೬೬ರಲ್ಲಿ ಹೋಯಿತು. ೧೯೬೮ರ ಬಂಗಾರ ನಿಯಂತ್ರಣದ ಕಾನೂನು ೧೯೯೦ರಲ್ಲಿ ರದ್ದಾಯಿತು. ಇಷ್ಟರಲ್ಲಿ 'ಅಚ್ಚಿನ ಒಡವೆ' ಪೇಟೆಯನ್ನು ತುಂಬಿತು. ಆದರೂ ಹಳ್ಳಿಯ ತಾಯಿ ಕೂಸಿನ ಕಿವಿಯನ್ನು ನಂಬಿ ಒಡ್ಡುವದು ತಮ್ಮ ಮುಂದೆಯೇ. ಬೆಸುಗೆಗೆ ಕ್ಯಾಡ್ಮಿಯಂ ಬಳಸುವ ಕೆ.ಡಿ.ಎಂ. ಪದ್ಧತಿಯನ್ನು ಬಿಟ್ಟುಬಿಡಿರಿ, ಅದರ ಹೊಗೆ ಮೊದಲು ಕೆಡಿಸುವದು ತಮ್ಮದೇ ಪುಪ್ಪುಸಗಳನ್ನು. ಹಾಲ್‌ಮಾರ್ಕ್ ಗುರುತು ಬಂಗಾರ ಎಷ್ಟಿದೆಯೆಂದು ಹೇಳುತ್ತದೆ. ಉಳಿದದ್ದರಲ್ಲಿ ನಿಕ್ಕಲ್ ಇದೆಯೇ ಎಂದು ಅದು ಹೇಳುವದಿಲ್ಲ. ಅದನ್ನು ಕಂಡುಹಿಡಿಯಲು ಸುಲಭವಾದ ಒಂದು ಉಪಾಯವುಂಟು. ಡೈಮಿಥೈಲ್ ಗ್ಲೈಆಕ್ಸೈಮ್ ಎಂಬ ರಸಾಯನವನ್ನೂ ಅಮೋನಿಯಾವನ್ನೂ ಅರಳೆಗೆ ಒಂದೆರಡು ಹನಿ ಹಾಕಿ ಲೋಹದ ಮೇಲೆ ತಿಕ್ಕಬೇಕು. ನಿಕ್ಕಲ್ ಹೊರಬರುತ್ತಿದ್ದರೆ ಅರಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ರಶಿಯದ ರಸಾಯನಶಾಸ್ತ್ರಜ್ಞ ಚುಗಾಯೆವ್ ೧೯೦೫ರಲ್ಲಿ ಕಂಡ ಈ ಬಣ್ಣವನ್ನು ಇಂದು ಯಾವ ಪತ್ತಾರನೂ ತನ್ನ ಅಂಗಡಿಯಲ್ಲಿ ಕಾಣಬಹುದು. ಒರೆಗಲ್ಲಿನ ಪಕ್ಕದಲ್ಲಿ ಈ ಎರಡು ಸಣ್ಣ ಸೀಸೆಗಳೂ ಇದ್ದರೆ ಗಿರಾಕಿಯ ವಿಶ್ವಾಸ ಹೆಚ್ಚೇ ಆದೀತು.

ಕಿವಿ ಚುಚ್ಚುವದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಅದು ಮನೆಮನೆಯ ಸಂತೋಷ. ಹುಡುಗಿ ದೊಡ್ಡವಳಾದ ಮೇಲೆ ಜಾತ್ರೆಯ ಅಂಗಡಿಯ ಓಲೆಯನ್ನು ಒಂದು ದಿನದ ಮಟ್ಟಿಗೆ ಹಾಕಿ ಸಂಜೆಗೆ ತೆಗೆದಿಟ್ಟರೆ ಹೆಚ್ಚಿನವರಿಗೆ ಬಾಧೆಯಿಲ್ಲ. ಹಸಿಯ ಗಾಯದ ಆ ಮೊದಲ ಆರು ವಾರಗಳನ್ನು ಮಾತ್ರ ಕಾಯಬೇಕು. ಆ ಆರು ವಾರ ಕೂಸಿನ ಕಿವಿಯಲ್ಲಿ ಗುಂಜಿ ತೂಕದ ನಿಜವಾದ ಬಂಗಾರವಿರಲಿ. ಅದೂ ಇಲ್ಲದಿದ್ದರೆ ಶುಚಿಯಾದ ಒಂದು ಎಳೆ ದಾರವಿರಲಿ. ದಾರ ಹಾಕಿದ ತಾಯಿಯನ್ನು ನೋಡಿ ನೆರೆಹೊರೆಯವರು ಬಡವಳೆಂದು ಎರಡು ದಿನ ಆಡಿಕೊಂಡಾರು. ಮುಂದೆ ಅರವತ್ತು ಎಪ್ಪತ್ತು ವರುಷ ಮಗಳ ಕೈ ಕೊರಳುಗಳು ನೆಮ್ಮದಿಯಿಂದ ಇದ್ದರೆ, ಆ ತಾಯಿ ಮಗಳಿಗೆ ಕೊಟ್ಟದ್ದು ಬಂಗಾರಕ್ಕಿಂತ ಕಡಿಮೆಯದೇನೂ ಅಲ್ಲ.